ಉದ್ಯೋಗ ಅಂತ ಹೆಡ್ಡಿಂಗ್ ಹಾಕಿ ಸಂಬಳದ ಸುದ್ದಿಯೇ ಇಲ್ವಲ್ಲ ಮಾರ್ರೆ

ನಮಸ್ಕಾರ. ನೀವು ಕಳಿಸಿದ ‘ತತ್ವಜ್ಞಾನಿ ಎಂಬ ಉದ್ಯೋಗ’ ಲೇಖನ ಓದಿದೆ. ಹೀಗೇ ಇದ್ರೆ ಹಾಕ್ಲಿಕ್ಕಾಗುದಿಲ್ಲ, ಬೇಜಾರು ಮಾಡ್ಬೇಡಿ, ವಿಷಯ ಒಳ್ಳೇದುಂಟು. ಆದ್ರೆ ಒಳಗೆ ಇಡೀ ಪ್ಲೇಟೋ ಹೀಗಂದ, ಡೆಕಾರ್ಟ್ ಹಾಗಂದ, ಕಾಂಟ್ ಇನ್ನೆಂಥದೋ ಅಂದ ಅಂತಲೇ ಹೋಗಿದೆ, ಇವರಿಗೆಲ್ಲ ಊಟಕ್ಕೆ ಎಲ್ಲಿಂದ ಬರ್ತಿತ್ತು, ಕೆಲ್ಸ ಕೊಟ್ಟದ್ಯಾರು, ತೆಗ್ದದ್ಯಾರು ಅಂತ ಒಂದು ಸಾಲೂ ಇಲ್ಲ.

‘ತತ್ವಜ್ಞಾನಿಗಳು ಮೊದಲಿಂದಲೂ ಪ್ರೊಫೆಸರುಗಳೇ’ ಅಂತ ಬರ್ದದ್ದು ತಪ್ಪು. ಡೆಕಾರ್ಟ್, ಲೈಬ್ನಿಜ್, ಹ್ಯೂಮ್ ಯಾರೂ ಪ್ರೊಫೆಸರಲ್ಲ. ಸ್ಪಿನೋಜಾಗೆ 1673ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ಯೂನಿವರ್ಸಿಟಿಯಿಂದ ಪ್ರೊಫೆಸರಾಗಿ ಬನ್ನಿ ಅಂತ ಕರೆ ಬಂದಿತ್ತು, ಏನು ಬೇಕಾದ್ರೂ ಯೋಚ್ನೆ ಮಾಡಿ ಆದ್ರೆ ಇಲ್ಲಿಯ ಧರ್ಮಕ್ಕೆ ತೊಂದ್ರೆ ಆಗ್ಬಾರ್ದು ಅಂತ ಕಂಡೀಷನ್ ಬೇರೆ, ಪುಣ್ಯಾತ್ಮ ಬೇಡ ಅಂದ.

ವೋಲ್ಫ್‌ನ ಹೆಸರನ್ನು ಬ್ರಾಕೆಟ್ಟಲ್ಲಿ ಹಾಕಿ ಮುಗ್ಸಿದ್ದೀರಿ, ಕಥೆ ಇರುದೇ ಅಲ್ಲಿ! ಜರ್ಮನಿಯ ಹಾಲೆ ಯೂನಿವರ್ಸಿಟಿಯ ಮೇಷ್ಟ್ರು, 1721ರ ಭಾಷಣದಲ್ಲಿ ಚೀನಾದ ಕನ್ಫ್ಯೂಷಿಯಸ್‌ನನ್ನು ತೋರ್ಸಿ ಬೈಬಲ್ ಇಲ್ದೆಯೂ ನೀತಿ ಗೊತ್ತಾಗ್ತದೆ ಅಂದ್ರು, ಅಲ್ಲಿಯ ಧರ್ಮಪಂಡಿತರು ಸುಮ್ನೆ ಬಿಡ್ತಾರಾ, ರಾಜನ ಕಿವಿ ಊದಿದ್ರು, 1723ರಲ್ಲಿ ಆರ್ಡರ್ ಬಂತು, 48 ಗಂಟೆಯೊಳಗೆ ಜಾಗ ಖಾಲಿ ಮಾಡು ಇಲ್ಲಾಂದ್ರೆ ನೇಣು. ಆ ರಾಜನ ಮಗ 1740ರಲ್ಲಿ ಪಟ್ಟಕ್ಕೆ ಬಂದವ ಅದೇ ವೋಲ್ಫನ್ನು ಮರ್ಯಾದೆಯಿಂದ ವಾಪಸ್ ಕರ್ಸಿದ. ಇದಕ್ಕೆ ಒಂದು ಪುಟ ಕೊಡಿ.

ಕಾಂಟ್‌ನ ಸಿದ್ಧಾಂತ ಮೂರು ಪುಟ ಬೇಡ. 1755ರಿಂದ 1770ರವರೆಗೆ ಪಾಠಕ್ಕೆ ಯೂನಿವರ್ಸಿಟಿ ಸಂಬಳ ಇಲ್ಲ, ಕ್ಲಾಸಿಗೆ ಬಂದ ಹುಡುಗರು ಕೊಟ್ಟ ಫೀಸೇ ಗತಿ, ತತ್ವಶಾಸ್ತ್ರದ ಜೊತೆಗೆ ಭೂಗೋಳವನ್ನೂ ಪಾಠ ಮಾಡ್ತಿದ್ದ. ಇದನ್ನು ಬರೀರಿ, ನಮ್ಮ ಗೆಸ್ಟ್ ಲೆಕ್ಚರರ್‌ಗಳಿಗೆ ಬೇರೆ ವಿವರಣೆಯೇ ಬೇಡ.

ಮತ್ತೆ ಉಡುಪಿಯಲ್ಲೇ ಕೂತು ಬರ್ದು ಅಷ್ಟಮಠಕ್ಕೆ ಎರಡೇ ಸಾಲಾ? ಅದೂ ‘ಧಾರ್ಮಿಕ ಕೇಂದ್ರ’ ಅಂತ! ವರ್ಷಗಟ್ಲೆ ನ್ಯಾಯಸುಧಾ ಅನ್ನುವ ದ್ವೈತ ಗ್ರಂಥದ ಪಾಠ ಮಾಡಿಸಿ, ಮುಗಿದಾಗ ಸುಧಾಮಂಗಳ ಅನ್ನುವ ಸಮಾರಂಭ ಮಾಡಿ, ಹುಡುಗರನ್ನು ವಿದ್ವಾಂಸರೆದುರು ಕೂರ್ಸಿ ಪ್ರಶ್ನೆ ಕೇಳ್ಸುವ ಜಾಗ ತತ್ವಶಾಸ್ತ್ರದ ಸಂಸ್ಥೆ ಅಲ್ದೆ ಮತ್ತೆಂಥ? ಇಲ್ಲಿಯೂ ಅನ್ನದ ಲೆಕ್ಕ ಉಂಟು, ಮಠಗಳಿಗೆ ಗೇಣಿ ಅಕ್ಕಿ ಮುಡಿಗಟ್ಲೆ ಬರ್ತಿತ್ತು, 1974ರ ಭೂಸುಧಾರಣೆ ಕಾನೂನಿಂದ ಆ ಭೂಮಿ ಒಕ್ಕಲುಗಳಿಗೆ ಹೋಯ್ತು. ಆಮೇಲೆ ಪಾಠಶಾಲೆಗಳು ಹೇಗೆ ನಡೆದ್ವು? ರಥಬೀದಿಗೆ ಹೋಗಿ ವಯಸ್ಸಾದ ವಿದ್ವಾಂಸರ ಹತ್ರ ಕೇಳಿ, ಅದು ಗೂಗಲಲ್ಲಿ ಸಿಗುವಂಥದ್ದಲ್ಲ.

‘ತತ್ವಜ್ಞಾನವೇ ಬಾಳಿನ ಬೆಳಕು’ ಅನ್ನುವ ಕೊನೇ ಪ್ಯಾರಾ ಪೂರ್ತಿ ತೆಗೀರಿ. 1,500 ಪದದೊಳಗೆ ಮಾಡಿ ಯೂನಿಕೋಡಲ್ಲೇ ಕಳ್ಸಿ, ಈ ಸಲದ ಫೈಲಲ್ಲಿ ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ ಆಗಿತ್ತು.