ಪೇಸ್ಟ್ ಮಾಡಿದರೆ ತಪ್ಪೇನು?

ನಮಸ್ಕಾರ.

ಫಾರಂಗಳಲ್ಲಿ ಹೆಸರು, ನಂಬರ್ ತುಂಬುವ ಟೆಕ್ಸ್ಟ್ ಬಾಕ್ಸ್‌ಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ಕೋಡ್ ಕೂಡ ಓಡುತ್ತದೆ. ಆದರೆ ಎರಡನೇ ಪುಟಕ್ಕೆ ಬರುವಷ್ಟರಲ್ಲಿ ನನಗೆ ರೇಗಿತು.

“ಬಳಕೆದಾರರು ತಪ್ಪು ತುಂಬದಂತೆ ಮೊದಲೇ ತಡೆಯಬೇಕು” ಎಂದಿದ್ದೀರಿ. ಅದರ ಕೆಳಗೇ ಮೊಬೈಲ್ ನಂಬರಿನ ಬಾಕ್ಸಿಗೆ ಮ್ಯಾಕ್ಸ್‌ಲೆಂತ್ 10, ಅಂದರೆ ಹತ್ತು ಕ್ಯಾರೆಕ್ಟರಿನ ಮಿತಿ ಹಾಕಿದ್ದೀರಿ. ಜನ ನಂಬರನ್ನು ಕಾಂಟ್ಯಾಕ್ಟ್ಸ್‌ನಿಂದ ಕಾಪಿ ಮಾಡುತ್ತಾರೆ, ಅಲ್ವಾ? ಅಲ್ಲಿ ಮುಂದೆ +91 ಇರುತ್ತದೆ, ನಡುವೆ ಸ್ಪೇಸ್ ಇರುತ್ತದೆ. ನಿಮ್ಮ ಬಾಕ್ಸು ಮೊದಲ 10 ಕ್ಯಾರೆಕ್ಟರ್ ಇಟ್ಟುಕೊಂಡು ಮಿಕ್ಕಿದ್ದನ್ನು ಸದ್ದಿಲ್ಲದೆ ಕತ್ತರಿಸುತ್ತದೆ. ಆಮೇಲೆ ‘ನಂಬರ್ ತಪ್ಪು’ ಅಂತ ಅವರನ್ನೇ ಗದರುತ್ತದೆ!

ಮುಂದಿನ ಸಾಲು ಇನ್ನೂ ಚೆನ್ನಾಗಿದೆ: “ಬೇಕಿದ್ದರೆ ಪೇಸ್ಟನ್ನೇ ನಿಲ್ಲಿಸಬಹುದು.” ಯಾಕೆ ಸ್ವಾಮಿ? ಬ್ಯಾಂಕ್ ಶಾಖೆ ಗುರುತಿಸುವ 11 ಅಕ್ಷರದ ಐಎಫ್‌ಎಸ್‌ಸಿ ಕೋಡನ್ನು ಕೈಯಲ್ಲೇ ಹೊಡೆದು ನೋಡಿ. ಐದನೆಯದು ಸೊನ್ನೆ. ಅಲ್ಲಿ ಇಂಗ್ಲಿಷಿನ ‘ಓ’ ಒತ್ತುವವರು ಎಷ್ಟೋ ಜನ. ಪೇಸ್ಟ್ ಮಾಡಿದ್ದರೆ ಆ ತಪ್ಪೇ ಆಗುತ್ತಿರಲಿಲ್ಲ. ಏನು ಬಂದರೂ ಒಳಗೆ ಬಿಟ್ಟುಕೊಳ್ಳಿ. ಸ್ಪೇಸ್ ತೆಗೆಯುವುದು, +91 ಕಳಚುವುದು ಕೋಡಿನ ಕೆಲಸ.

ನಾನು ಕೆಲಸ ಕಲಿತದ್ದು ರಾಜಾಜಿನಗರದ ಒಂದು ಸಣ್ಣ ಕಂಪನಿಯಲ್ಲಿ. ಅಕೌಂಟ್ಸ್ ಪ್ಯಾಕೇಜ್ ಮಾಡುತ್ತಿದ್ದೆವು. ಅಲ್ಲಿನ ಸೀನಿಯರ್ ಹೊಸಬರನ್ನು ಮೊದಲು ಡೇಟಾ ಎಂಟ್ರಿಯವರ ಪಕ್ಕ ಕೂರಿಸುತ್ತಿದ್ದರು. ಅವರ ಕಣ್ಣು ವೋಚರ್ ಮೇಲೆ, ಬೆರಳು ನಂಬರ್ ಪ್ಯಾಡ್ ಮೇಲೆ. ಸ್ಕ್ರೀನ್ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನಡುವೆ ಒಂದು ಮೆಸೇಜ್ ಎದ್ದು ನಿಂತರೆ ಮುಗೀತು, ಆಮೇಲೆ ಹೊಡೆದಿದ್ದೆಲ್ಲ ಗಾಳಿಗೆ. ಎಂಟರ್ ಒತ್ತಿದಾಗ ಕರ್ಸರ್ ಮುಂದಿನ ಬಾಕ್ಸಿಗೆ ಹೋಗದಿದ್ದರೆ ಒಬ್ಬ ಮೇಡಂ, “ಮೌಸ್ ಹಿಡಿಸ್ಬೇಡಪ್ಪಾ” ಅನ್ನುತ್ತಿದ್ದರು. ನೀವು ಪ್ರತಿ ಕೀ ಒತ್ತಿದಾಗಲೂ ತಪ್ಪು ತೋರಿಸುತ್ತೀರಲ್ಲ, ಅದನ್ನು ಅವರ ಮುಂದೆ ಇಡಬೇಕಿತ್ತು. ಬಾಕ್ಸಿಂದ ಆಚೆ ಹೋಗುವವರೆಗಾದರೂ ಸುಮ್ನಿರಿ.

ಇನ್ನು ಹೆಸರಿನ ಬಾಕ್ಸು. ಯಾವ ಅಕ್ಷರ ಒಳಗೆ ಬಿಡಬೇಕು ಎಂದು ಹೇಳುವ ಮಾದರಿಗೆ, ಅಂದರೆ ರೆಜೆಕ್ಸ್‌ಗೆ, “ಈ ರೆಜೆಕ್ಸ್ ಎಲ್ಲ ಭಾಷೆಗಳನ್ನೂ ಒಪ್ಪುತ್ತದೆ” ಎಂದು ಜಂಬದಿಂದ ಬರೆದಿದ್ದೀರಿ. ಅದು ಒಪ್ಪುವುದು ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನ ‘ಲೆಟರ್’ ಗುಂಪನ್ನು ಮಾತ್ರ. ನೀವು ಪರೀಕ್ಷೆಗೆ ಕೊಟ್ಟ ಹೆಸರು ‘ಕಮಲ’. ಅದರಲ್ಲಿ ಗುಣಿತವೂ ಇಲ್ಲ, ಒತ್ತೂ ಇಲ್ಲ, ದಾಟಿಬಿಟ್ಟಿತು. ‘ಗಿರಿಜಾ’ ಹೊಡೆಯಿರಿ, ಹೊರಗೇ ನಿಲ್ಲುತ್ತಾರೆ. ಗುಣಿತದ ಚಿಹ್ನೆ, ಹಲಂತ, ಅನುಸ್ವಾರ ಎಲ್ಲ ‘ಮಾರ್ಕ್’ ಗುಂಪಿನವು. ಕನ್ನಡ ಓದುಗರಿಗೆ ಬರೆದ ಲೇಖನದಲ್ಲಿ ಇದು ನನಗೆ ಜಾಸ್ತಿ ಬೇಜಾರು ತಂದಿತು. ಕಡೆಯ ಹೆಸರಿಗೆ ಕನಿಷ್ಠ ಎರಡಕ್ಷರ ಬೇಕು ಎಂದೂ ಹಾಕಿದ್ದೀರಿ. ನಮ್ಮ ಕಡೆ ಹೆಸರಿನ ಜೊತೆ ಒಂದೇ ಇನಿಶಿಯಲ್ ಇಟ್ಟುಕೊಂಡವರು ಏನು ಮಾಡಬೇಕು?

ಬಣ್ಣ, ಬಾರ್ಡರ್ ಭಾಗ ಹೇಗಿದ್ದರೂ ನಡೆಯುತ್ತದೆ. ಈ ಎರಡು ಬಾಕ್ಸ್ ತಿದ್ದಿ. ನಿಮ್ಮ ಮನೆಯವರ ಹೆಸರನ್ನೆಲ್ಲ ಕನ್ನಡದಲ್ಲಿ ಹೊಡೆದು ನೋಡಿ, ಎಲ್ಲರೂ ಒಳಗೆ ಬಂದಮೇಲೆ ಲೇಖನ ಮತ್ತೆ ಕಳಿಸಿ.