ದತ್ತಿ ಪತ್ರದಲ್ಲಿ ಶಾಲೆಯ ಹೆಸರು ಬರೆಯಬೇಕೆ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ತೀರಿಕೊಂಡ ಪತ್ನಿಯ ಹೆಸರಿನಲ್ಲಿ 10 ಲಕ್ಷ ರೂಪಾಯಿ ಇಟ್ಟು, ಸರ್ಕಾರಿ ಶಾಲೆಯ ಹೆಣ್ಣುಮಕ್ಕಳ ಓದಿಗೆ ನೆರವಾಗಬೇಕೆಂದಿದ್ದೇನೆ. ನಗರದ ಸಮುದಾಯ ಪ್ರತಿಷ್ಠಾನವೊಂದು (ಹಲವು ದಾನಿಗಳ ಹಣವನ್ನು ನೋಡಿಕೊಂಡು ಊರಿನ ಕೆಲಸಗಳಿಗೆ ಹಂಚುವ ಸಂಸ್ಥೆ) ನಾಲ್ಕು ಬಗೆಯ ನಿಧಿಗಳನ್ನು ಸೂಚಿಸಿದೆ: ಸಾಮಾನ್ಯ ನಿಧಿ, ಶಿಕ್ಷಣದಂಥ ಒಂದು ಕ್ಷೇತ್ರಕ್ಕೆ ಮೀಸಲಾದದ್ದು, ಒಂದೇ ಸಂಸ್ಥೆಗೆ ಮೀಸಲಾದದ್ದು, ದಾನಿಯ ಸಲಹೆಯಂತೆ ಹಂಚುವಂಥದ್ದು. ಪತ್ನಿ ಓದಿದ ಶಾಲೆಗೇ ಮೀಸಲಿಡುವ ಮನಸ್ಸಿದೆ. ಯಾವುದು ಸರಿ?
— ಓದುಗರು, ಬಸವನಗುಡಿ

ಉತ್ತರ: ನಿಮ್ಮ ಮನಸ್ಸಿನ ಒಲವು ಸಹಜವಾದರೂ ನಾನು ಕ್ಷೇತ್ರಕ್ಕೆ ಮೀಸಲಾದ ನಿಧಿಯನ್ನೇ ಸೂಚಿಸುತ್ತೇನೆ. ಮಕ್ಕಳ ಸಂಖ್ಯೆ ಇಳಿದಾಗ ಸರ್ಕಾರಿ ಶಾಲೆಗಳು ಪಕ್ಕದ ಶಾಲೆಯೊಂದಿಗೆ ವಿಲೀನವಾಗುವುದನ್ನು ನೀವೇ ಕಂಡಿರುತ್ತೀರಿ; ಹಾಗಾದ ದಿನ ಒಂದೇ ಶಾಲೆಯ ಹೆಸರಿಗೆ ಕಟ್ಟಿಹಾಕಿದ ಹಣವನ್ನು ಬೇರೆಡೆಗೆ ತಿರುಗಿಸಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಬಹುದು. 1914ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಬ್ಯಾಂಕರ್ ಫ್ರೆಡರಿಕ್ ಗಾಫ್ ಮೊದಲ ಸಮುದಾಯ ಪ್ರತಿಷ್ಠಾನವನ್ನು ಕಟ್ಟಿದ್ದೂ, ಸತ್ತವರ ಷರತ್ತುಗಳು ಬದುಕಿರುವವರ ಕೈ ಕಟ್ಟಬಾರದೆಂಬ ಯೋಚನೆಯಿಂದಲೇ. ಆದ್ದರಿಂದ ಪತ್ರದಲ್ಲಿ 'ಬೆಂಗಳೂರಿನ ಸರ್ಕಾರಿ ಪ್ರೌಢಶಾಲೆಗಳ ಹೆಣ್ಣುಮಕ್ಕಳ ಶಿಕ್ಷಣಕ್ಕೆ. ಇಂತಿಂಥ ಹೆಸರಿನ ಶಾಲೆ ಇರುವವರೆಗೆ ಅದಕ್ಕೆ ಮೊದಲ ಆದ್ಯತೆ' ಎಂದು ಬರೆಸಿದರೆ ಪತ್ನಿಯ ಶಾಲೆಯೂ ಉಳಿಯುತ್ತದೆ, ದಾರಿಯೂ ಮುಚ್ಚುವುದಿಲ್ಲ. ದಾನಿಯ ಸಲಹೆಯ ನಿಧಿಯಲ್ಲಿ ನಿಮ್ಮದು ಸಲಹೆಯಷ್ಟೇ; ಕೊಟ್ಟ ಹಣ ಸಂಸ್ಥೆಯದಾಗುತ್ತದೆ, ಕೊನೆಯ ಮಾತೂ ಅದರದೇ.

ಇನ್ನು ಮೊತ್ತದ ವಿಚಾರ. ನಮ್ಮಲ್ಲಿ ದತ್ತಿ ಎಂದರೆ ಮೂಲಧನ ಮುಟ್ಟದೆ ಬಡ್ಡಿಯಿಂದ ನಡೆಸುವುದೆಂದೇ ರೂಢಿ. ಹಲವು ವರ್ಷಗಳ ಹಿಂದೆ ಐದು ಸಾವಿರ ಇಟ್ಟು ಸ್ಥಾಪಿಸಿದ ದತ್ತಿ ಉಪನ್ಯಾಸವೊಂದಕ್ಕೆ ನಾನು ಹೋಗಿದ್ದೆ. ಆ ವರ್ಷದ ಬಡ್ಡಿ ಉಪನ್ಯಾಸಕರಿಗೆ ಹೊದಿಸಿದ ಶಾಲಿಗೂ ಸಾಲದೆ, ಹಾರ ಮತ್ತು ಆಟೋ ಬಾಡಿಗೆಯನ್ನು ಕಾರ್ಯದರ್ಶಿಯವರು ತಮ್ಮ ಜೇಬಿನಿಂದ ಕೊಟ್ಟರು. ಶೇ 7ರ ಬಡ್ಡಿಯಲ್ಲಿ ನಿಮ್ಮ 10 ಲಕ್ಷಕ್ಕೆ ಈಗ ವರ್ಷಕ್ಕೆ 70,000 ರೂಪಾಯಿ ಬರಬಹುದು, ಆದರೆ ಇಪ್ಪತ್ತು ವರ್ಷಗಳ ನಂತರ ಆ 70,000ಕ್ಕೆ ಇಂದಿನ ಬೆಲೆ ಇರುವುದಿಲ್ಲ. ಹಾಗಾಗಿ ಬಡ್ಡಿಯ ಒಂದು ಪಾಲನ್ನು ಪ್ರತಿವರ್ಷ ಅಸಲಿಗೆ ಸೇರಿಸಲು ಹೇಳಿ, ಇಲ್ಲವೇ ಹದಿನೈದು ವರ್ಷಗಳಲ್ಲಿ ಅಸಲನ್ನೂ ಖರ್ಚು ಮಾಡಿ ಮುಗಿಸಲು ಒಪ್ಪಿಕೊಳ್ಳಿ. ಎರಡನೆಯದನ್ನು ಕೇಳಿದರೆ ಹಲವರ ಮುಖ ಸಪ್ಪಗಾಗುತ್ತದೆ. ನನಗಂತೂ ಅದರಲ್ಲಿ ಕೊರತೆ ಕಾಣುವುದಿಲ್ಲ.

ನಿರ್ವಹಣಾ ವೆಚ್ಚವೆಂದು ವರ್ಷಕ್ಕೆ ಶೇಕಡಾ ಎಷ್ಟು ಕಳೆಯುತ್ತಾರೆ, ಅದನ್ನು ಬಡ್ಡಿಯ ಮೇಲೆ ಲೆಕ್ಕ ಹಾಕುತ್ತಾರೋ ಇಡೀ ನಿಧಿಯ ಮೇಲೋ ಎಂಬುದನ್ನು ಬರಹದಲ್ಲಿ ಪಡೆಯಿರಿ. ನಿಧಿಯ ಮೇಲೆ ಶೇ 2 ಎಂದರೆ ನಿಮ್ಮ 70,000ದಲ್ಲಿ 20,000 ಹೋಯಿತು. ತೆರಿಗೆಯ ಮಾತಿಗೆ ಬಂದರೆ, ದೇಣಿಗೆಗೆ ಸಿಗುವ, ಜನ 80ಜಿ ಎಂದು ಕರೆಯುವ ಆದಾಯ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ ದೊರೆಯುತ್ತದೆ, 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ಅದೂ ಇಲ್ಲ. ಚೆಕ್ ಮೂಲಕವೇ ಕೊಡಿ. ಹಣವನ್ನು ಮೂಲಧನವಾಗಿ ಉಳಿಸುವುದಾದರೆ 'ಇದು ಮೂಲನಿಧಿಗೆ' ಎಂಬ ಸ್ಪಷ್ಟ ಪತ್ರವನ್ನು ಚೆಕ್ಕಿನ ಜೊತೆಗೇ ಕೊಟ್ಟು, ಅದರ ಪ್ರತಿಯ ಮೇಲೆ ಅವರ ಮೊಹರು ಹಾಕಿಸಿಕೊಳ್ಳಿ.