ಎರಡು ಸೋತರೂ ಚಾಂಪಿಯನ್!

ಪ್ರಶ್ನೆ: ಮಗಳು ಅಮೆರಿಕದ ಕೊಲಂಬಸ್‌ನಲ್ಲಿ ಎಂ.ಎಸ್. ಓದುತ್ತಿದ್ದಾಳೆ. 2024ರ ನವೆಂಬರ್‌ನಲ್ಲಿ ಅಲ್ಲಿನ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಮಿಷಿಗನ್‌ಗೆ ಸೋತಾಗ ಊರೆಲ್ಲ ಸೂತಕದ ಮನೆಯಂತಿತ್ತಂತೆ. ಜನವರಿಯಲ್ಲಿ ನೋಡಿದರೆ ಅದೇ ತಂಡ ರಾಷ್ಟ್ರೀಯ ಚಾಂಪಿಯನ್! ಇದು ಹೇಗೆ?
– ಓದುಗರೊಬ್ಬರು, ಹಾಸನ

ಉತ್ತರ: ಇದು ನಮ್ಮ ಕಾಲ್ಚೆಂಡಾಟವಲ್ಲ; ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡುವ, ಎಸೆಯುವ ಆಟ. ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆಯವರೆಗೆ ಪ್ರತಿ ತಂಡಕ್ಕೆ ಸಾಮಾನ್ಯವಾಗಿ 12 ಪಂದ್ಯ. ಆಮೇಲೆ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪ್ಲೇಆಫ್, ಸೋತವರು ಮನೆಗೆ. 2023ರವರೆಗೆ ಅದರಲ್ಲಿ ನಾಲ್ಕೇ ತಂಡಗಳಿದ್ದವು, ಎರಡು ಸೋತವರು ಅದರ ಬಾಗಿಲು ದಾಟಿದ್ದೇ ಇಲ್ಲ. 2024ರಲ್ಲಿ ಸಂಖ್ಯೆ 12ಕ್ಕೆ ಏರಿತು: ಐದು ಸ್ಥಾನ ಕಾನ್ಫರೆನ್ಸ್ (ವಿಶ್ವವಿದ್ಯಾಲಯ ತಂಡಗಳ ಗುಂಪು) ಚಾಂಪಿಯನ್‌ಗಳಿಗೆ, ಉಳಿದ ಏಳು ಆಯ್ಕೆ ಸಮಿತಿಯ ಶ್ರೇಯಾಂಕದಂತೆ. 10 ಗೆದ್ದು 2 ಸೋತಿದ್ದ ಓಹಾಯೋ ಸ್ಟೇಟ್ ಎಂಟನೇ ಶ್ರೇಯಾಂಕದಲ್ಲಿ ಒಳಬಂತು.

ಮಿಷಿಗನ್ ಎದುರಿನ 10-13ರ ಸೋಲಿಗೆ ಹಠವೇ ಕಾರಣ. ಚೆಂಡು ಹಿಡಿಯುವುದರಲ್ಲಿ ದೇಶಕ್ಕೇ ಹೆಸರಾದ ಹುಡುಗರು ಅಂಚಿನಲ್ಲಿ ನಿಂತಿದ್ದರೂ ಎದುರಾಳಿಯ ದೈತ್ಯರಿದ್ದ ನಟ್ಟನಡುವೆಯೇ ನುಗ್ಗಲು ಹೋದರು. 26 ಓಟಕ್ಕೆ ಸಿಕ್ಕಿದ್ದು 77 ಗಜ. ಸಾಲದ್ದಕ್ಕೆ ಎರಡು ಫೀಲ್ಡ್ ಗೋಲ್ (ಚೆಂಡನ್ನು ಗೋಲ್ ಕಂಬಗಳ ನಡುವೆ ಒದ್ದು ಅಂಕ ಗಳಿಸುವ ಯತ್ನ) ತಪ್ಪಿದವು. ಪ್ಲೇಆಫ್‌ನಲ್ಲಿ ಮೊದಲ ನಿಮಿಷದಿಂದಲೇ ಚೆಂಡು ಗಾಳಿಯಲ್ಲಿ ಹಾರಿತು: ಟೆನೆಸ್ಸಿ ಮೇಲೆ 42-17, ಅಲ್ಲಿಯವರೆಗೆ ಸೋಲೇ ಕಾಣದ ಒರೆಗಾನ್ ಮೇಲೆ 41-21.

ಟೆಕ್ಸಾಸ್ ಎದುರಿನ ಸೆಮಿಫೈನಲ್ ಮಾತ್ರ ಕೂದಲೆಳೆಯದು. ಓಹಾಯೋ 21-14ರಿಂದ ಮುಂದಿತ್ತು. ಟೆಕ್ಸಾಸ್ ಗೋಲ್ ಗೆರೆಯಿಂದ ಒಂದೇ ಗಜ ದೂರದಲ್ಲಿತ್ತು, ಕೈಯಲ್ಲಿ ನಾಲ್ಕು ಪ್ರಯತ್ನ. ಎರಡನೆಯದರಲ್ಲಿ ಚೆಂಡನ್ನು ಪಕ್ಕಕ್ಕೆ ಎಸೆದು ಅಂಚಿನತ್ತ ಓಡಲು ಹೋಗಿ ಏಳು ಗಜ ಹಿಂದೆ ಬಿದ್ದರು. ಒಂದು ಗಜಕ್ಕೆ ಅಷ್ಟು ಸುತ್ತು ಬಳಸಬೇಕಿತ್ತೇ? ನಾಲ್ಕನೆಯದರಲ್ಲಿ ಓಹಾಯೋದ ಜ್ಯಾಕ್ ಸಾಯರ್ ಟೆಕ್ಸಾಸ್‌ನ ಕ್ವಾರ್ಟರ್‌ಬ್ಯಾಕ್‌ನ (ಚೆಂಡು ಎಸೆಯುವ ಮುಖ್ಯ ಆಟಗಾರ) ಕೈಯಿಂದ ಚೆಂಡು ಬೀಳಿಸಿ, ತಾನೇ ಎತ್ತಿಕೊಂಡು 83 ಗಜ ಓಡಿ, ಎದುರಾಳಿಯ ಗೋಲ್ ಗೆರೆ ದಾಟಿ ಟಚ್‌ಡೌನ್ ಮಾಡಿದ. 2025ರ ಜನವರಿ 20ರಂದು ಅಟ್ಲಾಂಟಾ ಫೈನಲ್‌ನಲ್ಲಿ ನಾಟರ್ ಡೇಮ್ ಮೇಲೆ 34-23.

ಪ್ರಶ್ನೆ: ಅದೇ ಋತುವಿನ ಅಕ್ಟೋಬರ್‌ನಲ್ಲಿ ಓಹಾಯೋ ಸ್ಟೇಟ್ ಎದುರು ಒರೆಗಾನ್ 12 ಜನರನ್ನು ಇಳಿಸಿ ಗೆದ್ದಿತಂತೆ, ನಿಜವೇ?
– ಇನ್ನೊಬ್ಬ ಓದುಗರು, ಧಾರವಾಡ

ಉತ್ತರ: 12 ಜನ ಇದ್ದದ್ದು ನಿಜ. ಒರೆಗಾನ್ 32-31ರಿಂದ ಮುಂದಿತ್ತು, ಉಳಿದದ್ದು 10 ಸೆಕೆಂಡು. ಆಗ ರಕ್ಷಣೆಗೆ 11ರ ಬದಲು 12 ಜನ ನಿಂತರು. ಓಹಾಯೋ ಎಸೆತ ಕೈಗೂಡಲಿಲ್ಲ. ದಂಡ ಐದೇ ಗಜ. ಆದರೆ ಆ ಆಟಕ್ಕೆ ಹೋದ ನಾಲ್ಕು ಸೆಕೆಂಡು ವಾಪಸ್ ಬರಲಿಲ್ಲ. ಐದು ಗಜಕ್ಕಿಂತ ನಾಲ್ಕು ಸೆಕೆಂಡು ದುಬಾರಿಯಾಗಿದ್ದ ಹೊತ್ತದು. ಮುಂದಿನ ವಾರವೇ ನಿಯಮದ ಆ ತೂತು ಮುಚ್ಚಿದರು: ಕೊನೆಯ ಎರಡು ನಿಮಿಷದಲ್ಲಿ ಹೀಗೆ ಮಾಡಿದರೆ, ಎದುರಾಳಿ ಕೇಳಿದಲ್ಲಿ ಗಡಿಯಾರವನ್ನೂ ಹಿಂದಕ್ಕೆ ತಿರುಗಿಸಲಾಗುತ್ತದೆ.